ನನ್ನ ಬಾಯಾರಿಕೆಗೆ ಸಾಕ್ಷಿ ಬೇಕಿತ್ತು

ನನಗಿರುವ ಕಾಯಿಲೆಯಲ್ಲಿ ಹುಣ್ಣಿಲ್ಲ, ಜ್ವರವಿಲ್ಲ, ಮುಟ್ಟಿ ತೋರಿಸುವಂಥ ಗಂಟಿಲ್ಲ. ನೀರು ಬೇಕು ಅನ್ನಿಸುತ್ತದೆ; ಕುಡಿದ ನೀರು ಅಷ್ಟೇ ಬೇಗ ಹೊರಗೆ ಹೋಗುತ್ತದೆ; ಮತ್ತೆ ಬೇಕು ಅನ್ನಿಸುತ್ತದೆ. ಇಷ್ಟೇ. ಇದೊಂದು ಕಾಯಿಲೆ ಎಂದು ಆದೋನಿಯಲ್ಲಿ ನಾಲ್ಕು ಜನರನ್ನು ಒಪ್ಪಿಸಲು ನನಗೆ ಎರಡು ವರ್ಷ ಬೇಕಾಯಿತು. ಬಳ್ಳಾರಿಯ ಕಾಲೇಜಿನಲ್ಲಿ ಬೆಳಿಗ್ಗೆ ಒಂದು ಪಕ್ಷ, ಮಧ್ಯಾಹ್ನ ಅದರ ಎದುರು ಪಕ್ಷ ವಹಿಸಿ ಎರಡರಲ್ಲೂ ಗೆದ್ದವನು ನಾನು. ನನ್ನ ಗಂಟಲು ಒಣಗಿದೆ ಎಂಬ ಒಂದು ಮಾತನ್ನು ಮಾತ್ರ ಸಾಧಿಸಲಾಗಲಿಲ್ಲ. ಗಂಟಲು ನನ್ನದು, ಸಾಕ್ಷಿಯೂ ನಾನೇ. ಅಂಥ ಸಾಕ್ಷ್ಯವನ್ನು ನಾನು ತೀರ್ಪುಗಾರನಾಗಿದ್ದರೂ ಒಪ್ಪುತ್ತಿರಲಿಲ್ಲ. ಇದೇ ತೊಂದರೆ ಇದ್ದು, ಅದು ಚಟವೆಂದು ಬೈಸಿಕೊಳ್ಳುತ್ತಿರುವವರು ಎಲ್ಲಾದರೂ ಇದ್ದರೆ ಅವರಿಗೆ ಇದು ತಲುಪಲಿ.

ಶುರುವಾದದ್ದು ಬಿ.ಎ. ಕಡೆಯ ವರ್ಷ. ಆದೋನಿ ಆಂಧ್ರಕ್ಕೆ, ಬಳ್ಳಾರಿ ಮೈಸೂರಿಗೆ ಸೇರಿದ ಹೊಸತು. ನಾನು ಓದಲಿಕ್ಕೆ ರಾಜ್ಯ ದಾಟಿ ಹೋಗುವವನಾಗಿದ್ದೆ. ಒಂದು ಬುಧವಾರ ಹಾಸ್ಟೆಲಿನಲ್ಲಿ ಎದ್ದವನು ಚೊಂಬು ನೀರು ಕುಡಿದೆ, ಇನ್ನೊಂದು ಕುಡಿದೆ. ಮುಂದಿನ ಬುಧವಾರದ ಹೊತ್ತಿಗೆ ಮಂಚದ ಪಕ್ಕ ಕೊಡವೇ ಬಂದಿತ್ತು. ಗೆಳೆಯರು ನನಗೆ ‘ಗುಂತಕಲ್ ಇಂಜಿನ್’ ಎಂದು ಹೆಸರಿಟ್ಟರು. ನೀರು ತುಂಬಿಸದೆ ಮುಂದಿನ ಸ್ಟೇಷನ್ನಿಗೆ ಹೊರಡುವುದಿಲ್ಲವೆಂದು. ಆ ಸಲದ ಅಂತಿಮ ಚರ್ಚೆಯಲ್ಲಿ ನನ್ನ ಮಾತು ಮುಗಿಯಲು ಇನ್ನೂ ಸಮಯವಿದ್ದಾಗಲೇ ವೇದಿಕೆ ಬಿಟ್ಟು ಹಿತ್ತಲಿಗೆ ಓಡಿದೆ. ತಿರುಗಿ ಬರುವಷ್ಟರಲ್ಲಿ ಎದುರು ಪಕ್ಷದವನು, “ನನ್ನ ಮಿತ್ರರ ವಾದ ಯಾವ ದಾರಿಯಲ್ಲಿ ಹರಿದುಹೋಯಿತೆಂದು ಸಭೆ ಕಂಡಿದೆ” ಅಂದಿದ್ದ. ಸಭೆ ನಕ್ಕಿತು. ಮಾತು ಚೆನ್ನಾಗಿತ್ತು, ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ. ಪರೀಕ್ಷೆಯ ಮೂರು ಗಂಟೆ ಒಂದೇ ಕಡೆ ಕೂರುವುದು ನನ್ನಿಂದಾಗದೆಂದು ಗೊತ್ತಾಗಿ ಆ ತಿಂಗಳೇ ಊರಿಗೆ ಬಂದೆ.

ನಮ್ಮ ಅಪ್ಪನದು ಹತ್ತಿಯ ದಲಾಲಿ ಅಂಗಡಿ. ಮನೆಯ ಬಾವಿಯ ನೀರು ಸವುಳು. ಸಿಹಿನೀರನ್ನು ಎರಡು ಓಣಿ ಆಚೆಯಿಂದ ಅವ್ವ ಹೊತ್ತು ತರಬೇಕು. ಮೊದಲು ದಿನಕ್ಕೆ ಎರಡು ಕೊಡ ತರುತ್ತಿದ್ದವಳು ನಾನು ಬಂದ ಮೇಲೆ ನಾಲ್ಕು ತಂದಳು. ಒಂದು ದಿನವೂ ಏನೂ ಅನ್ನಲಿಲ್ಲ. ಅಂದವನು ಮದ್ದಿಕೇರದಿಂದ ಬಂದ ಸೋದರಮಾವ.

“ಅಕ್ಕ, ಇವಗ ಒಂದು ಮದುವಿ ಮಾಡ್ರಿ. ಎಲ್ಲಾ ಸರಿ ಹೋಗತೈತಿ.”

“ನೀರಿಗೂ ಮದುವಿಗೂ ಏನು ಸಂಬಂಧ, ಮಾವ?”

“ಹೆಂಡ್ತಿ ಬಂದಮ್ಯಾಲೆ ನೀರು ಕುಡಿಯಾಕ ಪುರಸೊತ್ತು ಎಲ್ಲಿಂದ ಬರತೈತಲೇ?”

ಊರಿನ ವೈದ್ಯರಿಬ್ಬರು ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ನೋಡಿದರು. ಇರಲಿಲ್ಲ. ಸಕ್ಕರೆ ಇಲ್ಲವೆಂದ ಮೇಲೆ ಕಾಯಿಲೆಯೇ ಇಲ್ಲ ಅಂದರು. ಮನೆಯಲ್ಲಿ ಬೆಕ್ಕಿಲ್ಲದ್ದರಿಂದ ಯಾವ ಪ್ರಾಣಿಯೂ ಇಲ್ಲ ಎಂದಂತಾಯಿತು ಎಂದು ನಾನೆಂದೆ. ಇಬ್ಬರೂ ಮತ್ತೆ ನನ್ನ ಕೈ ಹಿಡಿದು ನೋಡಲಿಲ್ಲ.

ಎರಡನೆಯ ವರ್ಷ ಹತ್ತಿ ಪೇಟೆಯ ಬೀದಿಯಲ್ಲಿ, ನಮ್ಮ ಅಂಗಡಿಯ ಎದುರಿಗೇ, ಒಬ್ಬ ತೆಲುಗು ಡಾಕ್ಟರು ಸಣ್ಣ ದವಾಖಾನೆ ತೆರೆದರು. ಶೇಷಗಿರಿ ಎಂದು ಹೆಸರು. ಮದರಾಸಿನಲ್ಲಿ ಓದಿದವರು, ಮಿದುಳಿನ ಕೆಳಗೆ ಕಡಲೆಕಾಳಿನಷ್ಟಿರುವ ಒಂದು ಗ್ರಂಥಿ ಕೆಟ್ಟರೆ ಅದರ ರಸಗಳು ಎಷ್ಟು ಹುಟ್ಟುತ್ತವೆ, ಎಷ್ಟು ಕಡಿಮೆಯಾಗುತ್ತವೆ, ಯಾವುದು ಹೆಚ್ಚಾಗುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದರು. ಅಂಥ ರೋಗಿಗಳು ಸಿಕ್ಕರೆ ಬಿಡುತ್ತಿರಲಿಲ್ಲ. ನಮ್ಮ ಮೂತ್ರವನ್ನು ಇಡೀ ದಿನ ಜಾಡಿಗಳಲ್ಲಿ ಹಿಡಿದು, ಅಳೆದು, ಬರ್ಫದ ಪೆಟ್ಟಿಗೆಯಲ್ಲಿಟ್ಟು ರೈಲಿನಲ್ಲಿ ಮದರಾಸಿಗೆ ಕಳಿಸುತ್ತಿದ್ದರು. ಅಲ್ಲಿ ಅದರ ಸಾರವನ್ನು ಇಲಿಗಳಿಗೆ ಚುಚ್ಚಿ ನೋಡುತ್ತಾರಂತೆ.

ಇದನ್ನು ನನಗೆ ಮೊದಲು ತಿಳಿಸಿದವಳು ದವಾಖಾನೆಯ ಜಗಲಿಯ ಬೆಂಚಿನಲ್ಲಿ ಕೂತಿದ್ದ ಕೋಸಗಿಯ ಈರಮ್ಮ. ಕೂಲಿಯ ಹೆಂಗಸು. ಅವಳ ಕೈ, ಪಾದ, ದವಡೆ ಮೂರೂ ನಾಲ್ಕೈದು ವರ್ಷಗಳಿಂದ ಬೆಳೆಯುತ್ತಲೇ ಇದ್ದವು. ನನ್ನ ಕೈಯಲ್ಲಿದ್ದ ಕೂಜೆಯನ್ನು ನೋಡಿ ನಕ್ಕಳು.

“ನಮ್ಮ ಅದೃಷ್ಟ ನೋಡಪ್ಪ. ನನ್ನ ಉಚ್ಚಿ ಮದರಾಸು ನೋಡಿ ಬಂತು. ನಾ ಗುಂತಕಲ್ ದಾಟಿಲ್ಲ.”

“ನಿನಗೇನಾಗೈತಿ?”

ಎರಡೂ ಕೈ ಮುಂದೆ ಚಾಚಿದಳು. ಮಣಿಕಟ್ಟಿನಲ್ಲಿ ಬಳೆ ಇರಲಿಲ್ಲ. ಹಸಿರು ದಾರ ಕಟ್ಟಿಕೊಂಡಿದ್ದಳು. “ಬಳಿಗಾರ ಮೂರು ಡಜನ್ ಒಡದ. ಆಮ್ಯಾಗ ಕೈ ಮುಗದು, ‘ತಲ್ಲೀ, ನೀ ಅಳತಿ ನಾ ದಗ್ಗರ ಲೇದು’ ಅಂದ, ನನ್ನ ಅಳತಿದು ಅವನ ಹತ್ರ ಇಲ್ಲಂತ. ಗಂಡ ಇದ್ದಾನ, ಕೈಯಾಗ ಬಳಿ ಇಲ್ಲ. ಓಣ್ಯಾಗ ಏನೇನೋ ಅಂತಾರ. ಅತ್ತಿ ಅಂತಾಳ, ಕುಂತು ತಿಂದು ಬೆಳದೈತಿ ಕೈ ಅಂತ.” ದಾರವನ್ನು ಮೇಲಕ್ಕೆ ಸರಿಸಿಕೊಂಡಳು. “ಡಾಕ್ಟರ್ರು ಮಾತ್ರ ನಂದು ಸುಳ್ಳಲ್ಲ ಅಂದ್ರು. ಔಷಧಿ ಇಲ್ಲಂತ. ಇರಲಿ, ಸುಳ್ಳಲ್ಲ ಅಂದ್ರಲ್ಲ.”

ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆ. ಅವಳ ಕೈಗಳನ್ನು ಯಾರು ಬೇಕಾದರೂ ನೋಡಬಹುದಿತ್ತು.

ಡಾಕ್ಟರು ನನ್ನ ಮಾತೆಲ್ಲ ಕೇಳಿದರು. ಕೇಳುತ್ತ ಬರೆದುಕೊಂಡರು, ಅಷ್ಟರಲ್ಲಿ ನಾನು ಎರಡು ಸಲ ಎದ್ದು ಹೋಗಿಬಂದೆ, ಅದನ್ನೂ ಬರೆದುಕೊಂಡರು. “ಚೂಡಯ್ಯಾ, ಇಲ್ಲಿ ನೋಡು,” ಅಂದರು, “ಎರಡೇ ದಾರಿ. ನೀರನ್ನು ಹಿಡಿದಿಡೋ ರಸ ನಿನ್ನ ಗ್ರಂಥಿಯಲ್ಲಿ ಹುಟ್ಟುತ್ತಾ ಇಲ್ಲ, ಇದೊಂದು. ಇಲ್ಲಾ ಅಂದ್ರೆ ಗ್ರಂಥಿ ಚೆನ್ನಾಗೇ ಇದೆ, ಮನಸ್ಸಿಗೆ ನೀರಿನ ಅಭ್ಯಾಸ ಬಿದ್ದಿದೆ. ಮೊದಲನೇದಕ್ಕೆ ಮೂಗಿಗೆ ಏರಿಸೋ ಪುಡಿ ಬಂದಿದೆ. ಎರಡನೇದಕ್ಕೆ ಪುಡಿ ಕೊಟ್ರೆ ನೀರು ಮೈಯಲ್ಲೇ ನಿಂತು ಅಪಾಯ. ಅದಕ್ಕೇ ಬಾಯಿಮಾತಿನ ಮೇಲೆ ಕೊಡಲ್ಲ.”

“ಪರೀಕ್ಷೆ ಹೇಗೆ?”

“ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ನೀರಿಲ್ಲ. ಗಂಟೆಗೊಮ್ಮೆ ತೂಕ. ಕಾಯಿಲೆ ಇದ್ರೆ ನೀರು ಹೋಗ್ತಾನೇ ಇರುತ್ತೆ, ತೂಕ ಇಳೀತಾನೇ ಇರುತ್ತೆ. ಅಭ್ಯಾಸ ಆದ್ರೆ ಮೈ ತಾನೇ ತಡೆದುಕೊಳ್ಳುತ್ತೆ.”

ನನಗೆ ಬೇಕಾಗಿದ್ದದ್ದು ಇದೇ. ನನ್ನ ಮಾತಿನ ಮೇಲೆ ನಿಲ್ಲದ ಸಾಕ್ಷ್ಯ. ದವಾಖಾನೆಯ ತೂಕದ ಯಂತ್ರ ಒಂದೊಂದು ಸಲ ಒಂದೊಂದು ಹೇಳುತ್ತಿದ್ದುದರಿಂದ, ಎದುರಿಗಿದ್ದ ನಮ್ಮ ಅಂಗಡಿಯಲ್ಲಿ ಹತ್ತಿ ತೂಗುವ ಕಾಟಾದ ಮೇಲೆ ನನ್ನನ್ನು ನಿಲ್ಲಿಸುವುದೆಂದಾಯಿತು. ತೂಕ ನೋಡಿ ಹೇಳುವ ಕೆಲಸ ಅಪ್ಪನದು. ಅಪ್ಪ ಮಾತಾಡುವವರಲ್ಲ, ಆದರೆ ಅವರು ಕೂಗಿದ ತೂಕವನ್ನು ಪೇಟೆಯಲ್ಲಿ ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ.

ಪರೀಕ್ಷೆ ಶ್ರಾವಣದ ಒಂದು ಸೋಮವಾರ ಬಿತ್ತು. ಬೆಳಿಗ್ಗೆ ಏಳಕ್ಕೆ ಅಪ್ಪ “ನೂರಾ ಹದಿನೆಂಟು ಪೌಂಡ್” ಅಂದರು. ಒಂಬತ್ತರ ಹೊತ್ತಿಗೆ ನನ್ನ ನಾಲಿಗೆ ಅಂಗುಳಕ್ಕೆ ಅಂಟತೊಡಗಿತು. ಡಾಕ್ಟರು ಒಂದು ಹೆರಿಗೆಗೆ ಹೋಗಿದ್ದರು. ಕಾಂಪೌಂಡರ್ ಔಷಧಿ ಕೋಣೆಯಲ್ಲಿದ್ದ. ಆಗ ಅವ್ವ ಬಂದಳು, ಸೆರಗಿನಲ್ಲಿ ಹಿತ್ತಾಳೆಯ ಗಿಂಡಿ ಮುಚ್ಚಿಕೊಂಡು. ಶ್ರಾವಣ ಸೋಮವಾರ ನಮ್ಮ ಮನೆಗೆ ಮಠದ ಅಯ್ಯನವರು ಬಂದು, ಅವರ ಪಾದಪೂಜೆಯಾಗಿ, ಆ ತೀರ್ಥವನ್ನು ಮನೆಮಂದಿಯೆಲ್ಲ ತೆಗೆದುಕೊಳ್ಳುವುದು ನಡೆದುಬಂದದ್ದು. ತೀರ್ಥ ತಪ್ಪಿಸುವಂತಿಲ್ಲ.

“ಅಂಗೈ ಹಿಡಿ.”

“ನೀರು ಕುಡೀಬಾರದವ್ವ. ಡಾಕ್ಟರ್ರು ಹೇಳ್ಯಾರ.”

“ನೀರು ಅಂತ ಯಾರಂದ್ರು? ತೀರ್ಥ ಇದು. ನಾ ನಿನಗ ಒಂದು ಹನಿ ನೀರು ಕೊಡಂಗಿಲ್ಲ ಅಂತ ಡಾಕ್ಟರ್ ಮುಂದ ಮಾತು ಕೊಟ್ಟೀನಿ. ಮಾತು ತಪ್ಪಾಕಿ ಅಲ್ಲ ನಾ.”

ಕಾಲೇಜಿನಲ್ಲಿ ನಾನೊಮ್ಮೆ, ತೀರ್ಥವೆಂಬುದು ಬಾವಿಯಿಂದ ಬಂದ ನೀರೇ, ಅದಕ್ಕೆ ಬೇರೆ ಗುಣ ಬರಲಾರದು ಎಂದು ಹದಿನೈದು ನಿಮಿಷ ಮಾತಾಡಿ ಬಹುಮಾನ ತೆಗೆದುಕೊಂಡಿದ್ದೆ. ಆ ಹೊತ್ತಿನಲ್ಲಿ ಅದರ ಎದುರು ಪಕ್ಷವೂ ಬಲವಾಗಿದೆ ಎಂದು ನನಗೆ ಅನ್ನಿಸಿತು. ಅಂಗೈ ಹಿಡಿದೆ. ಮೂರು ಸಲ ಹಾಕುವುದು ಪದ್ಧತಿ. ಮೂರಾದ ಮೇಲೂ ನಾನು ಕೈ ತೆಗೆಯಲಿಲ್ಲ. ಅವ್ವ ನನ್ನ ಮುಖ ನೋಡಿದಳು, ಮತ್ತೆ ಹಾಕಿದಳು. ಕೊನೆಗೆ ಗಿಂಡಿಯ ಮೂತಿಯನ್ನೇ ಬಾಯಿಗೆ ಹಿಡಿದೆ.

ಹನ್ನೊಂದಕ್ಕೆ ಮತ್ತೊಂದು ಗಿಂಡಿ ಬಂತು, ಒಂದಕ್ಕೆ ಇನ್ನೊಂದು. ಅಷ್ಟು ತೀರ್ಥ ಎಲ್ಲಿತ್ತೆಂದು ಕೇಳಿದೆ. “ತಳದಾಗ ಒಂದೀಟು ಇತ್ತು, ಕೊಡದ ನೀರು ಕೂಡಿಸಿದೆ. ತೀರ್ಥಕ್ಕ ಕೂಡಿದ್ದು ತೀರ್ಥನ ಆಗತೈತಿ,” ಅಂದಳು. ಇದರಲ್ಲಿ ಮೋಸವೇನೂ ಅವಳಿಗೆ ಕಾಣಲಿಲ್ಲ. ಕಂಡದ್ದು ನನಗೆ. ಆದರೂ ಕುಡಿದೆ.

ಮೂರಕ್ಕೆ ಅಪ್ಪ ಕಾಟಾ ನೋಡಿದರು. ಎಂದಿಗಿಂತ ಹೆಚ್ಚು ಹೊತ್ತು ನೋಡಿದರು. “ನೂರಾ ಹದಿನೇಳೂವರಿ,” ಅಂದರು. ಆಗತಾನೇ ತಿರುಗಿ ಬಂದಿದ್ದ ಡಾಕ್ಟರು, “ನೀರು ಕುಡಿದೆಯಾ?” ಎಂದು ಕೇಳಿದರು. “ನೀರು ಕುಡಿದಿಲ್ಲ,” ಅಂದೆ. ಅವ್ವನನ್ನು ಕೇಳಿದರು. “ಲಿಂಗದಾಣಿಗೂ ಒಂದು ಹನಿ ನೀರು ಕೊಟ್ಟಿಲ್ರಿ.” ಅಂಥ ಆಣೆಯ ಮುಂದೆ ಅವರು ಇನ್ನೇನು ಕೇಳಬೇಕು? ಎಂಟು ಗಂಟೆಯಲ್ಲಿ ಅರ್ಧ ಪೌಂಡು. ಗ್ರಂಥಿ ಕೆಲಸ ಮಾಡುತ್ತಿದೆ, ಇದು ಅಭ್ಯಾಸ, ನೀರನ್ನು ಅಳತೆಯ ಮೇಲೆ ಕೊಟ್ಟು ಬಿಡಿಸಿರಿ ಎಂದು ಬರೆದುಕೊಟ್ಟರು.

ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. “ನನ್ನ ಮಗಗ ರೋಗ ಇಲ್ಲಂತ್ರಿ! ಬರೇ ಚಟ ಅಂತ!” ಎಂದು ಮನೆಮನೆಗೆ ಹೇಳಿ ಬಂದಳು. ಅವಳ ಸಂತೋಷ ನೋಡಿ ನನಗೆ ಮೈ ಉರಿಯಿತು. “ಚಟ ಅಂದ್ರ ನಿನಗ ಖುಷಿಯೇನವ್ವಾ?” ಅಂದೆ.

“ಚಟ ಆದ್ರ ಬಿಡಿಸಬಹುದಲ್ಲೋ,” ಅಂದಳು. “ರೋಗ ಆದ್ರ ನಾ ಸತ್ತಮ್ಯಾಗ ನಿನಗ ನೀರು ಹೊತ್ತು ತರೋರು ಯಾರು?”

ಮರುದಿನದಿಂದ ಕೊಡ ಒಳಕೋಣೆ ಸೇರಿತು. ದಿನಕ್ಕೆ ನಾಲ್ಕು ಚೊಂಬು. ಮೊದಲ ದಿನ ತಲೆ ಸಿಡಿಯಿತು, ಎರಡನೆಯ ದಿನ ನಿಂತರೆ ಗೋಡೆ ತಿರುಗಿದಂತಾಯಿತು. ನಿಜ ಹೇಳಬಹುದಿತ್ತು. ಹೇಳಿದರೆ ನಾನು ಸುಳ್ಳು ಸಾಕ್ಷಿ ನುಡಿದವನಾಗುತ್ತಿದ್ದೆ, ಅವ್ವ ಸುಳ್ಳು ಆಣೆ ಇಟ್ಟವಳಾಗುತ್ತಿದ್ದಳು, ಓಣಿಗೆ ಹಂಚಿದ ಸಕ್ಕರೆ ಸುಳ್ಳಾಗುತ್ತಿತ್ತು. ಬೇರೆ ಪರೀಕ್ಷೆ ಇದೆಯೇ, ಡಾಕ್ಟರರ ಸಿದ್ಧಾಂತದಲ್ಲೇ ಹುಳುಕಿದೆಯೇ ಎಂದು ಹಾಸಿಗೆಯಲ್ಲಿ ಬಿದ್ದು ಯೋಚಿಸಿದೆ. ಮೂರನೆಯ ದಿನ ಅಪ್ಪ ನನ್ನನ್ನು ಹಿಡಿದದ್ದು ಹತ್ತಿಯ ಗಿರಣಿಯ ಹಿಂದೆ. ಬಾಯ್ಲರಿಗೆ ನೀರು ಬಿಡುವ ಕೊಳವೆಗೆ ಬಾಯಿ ಹಚ್ಚಿ ಕುಡಿಯುತ್ತಿದ್ದೆ. ನೀರಿನಲ್ಲಿ ಎಣ್ಣೆಯ ವಾಸನೆ ಇತ್ತು.

ಅಪ್ಪ ಬೈಯಲಿಲ್ಲ. ನಾನು ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ನಿಂತಿದ್ದರು. ಆಮೇಲೆ ಅಲ್ಲಿದ್ದ ಹತ್ತಿಯ ಅಂಡಿಗೆಯೊಂದರ ಮೇಲೆ ಕೂತು, ಕೈ ಒಳಗೆ ತೂರಿಸಿ ಒಂದು ಹಿಡಿ ಹತ್ತಿ ಕಿತ್ತು ನನ್ನ ಕೈಗಿಟ್ಟರು.

“ಹೆಂಗೈತಿ?”

“ತಂಪೈತಿ.”

“ನೀರು ಹೊಡದಾರ. ತೂಕ ಬರಲಿ ಅಂತ. ಹೊರಗ ಒಣಗಿರತೈತಿ, ಒಳಗ ಹಸಿ. ಮೂವತ್ತು ವರ್ಷ ಆತು, ಇದನ್ನ ಹಿಡಿಯೂದ ನನ್ನ ಕೆಲಸ.” ಬೆರಳಿಗೆ ಅಂಟಿದ ಎಳೆ ಕಿತ್ತುಹಾಕಿ ಅಂದರು: “ಸೋಮವಾರ ಡಾಕ್ಟರ್ರು ತೂಕ ಅಷ್ಟ ನೋಡಿದ್ರು, ಜಾಡಿ ನೋಡಲಿಲ್ಲ. ನಾ ಕಾಂಪೌಂಡರ್‌ನ ಕೇಳಿದೆ. ನಿನ್ನಿಂದ ಮೂರು ಚೊಂಬಿನಷ್ಟು ಹೊರಗ ಹೋಗೈತಿ. ಏನಿಲ್ಲ ಅಂದ್ರೂ ಏಳು ಪೌಂಡ್ ಇಳಿಬೇಕಿತ್ತು. ಇಳಿದದ್ದು ಅರ್ಧ. ನನ್ನ ಕಾಟಾ ಸುಳ್ಳು ಹೇಳಂಗಿಲ್ಲ. ನೀರು ಹೊಡದಾರು ಯಾರು?”

ಎಲ್ಲ ಹೇಳಿದೆ. ಅಪ್ಪ ಕೇಳಿ ಹತ್ತಿಯನ್ನು ಅಂಡಿಗೆಯೊಳಗೆ ತಿರುಗಿ ತುರುಕಿದರು. “ನಿಮ್ಮವ್ವಗ ನಾ ಹೇಳಂಗಿಲ್ಲ,” ಅಂದರು. “ಇಷ್ಟು ಓದೀಯಲ್ಲ, ನೀ ಹೇಳು.”

ಹೇಳಿದೆ. ಅವ್ವ ಮೊಸರು ಕಡೆಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ತೀರ್ಥ ನೀರಲ್ಲ ಎಂದು ಒಂದು ಸಲ ಅಂದಳು. ಮನಸ್ಸಿಗೆ ಅಲ್ಲ, ಮೈಗೆ ಹೌದು ಎಂದು ನಾನೆಂದೆ. ಕಡೆಯುತ್ತಲೇ ಕೇಳಿದಳು: “ಹಂಗಾರ ಚಟ ಅಲ್ಲ?”

“ಗೊತ್ತಿಲ್ಲ. ಇನ್ನೊಮ್ಮೆ ನೋಡಬೇಕು.”

“ನಿನಗ ಗೊತ್ತೈತಿ,” ಅಂದಳು.

ಡಾಕ್ಟರು ಮೊದಲು ಸಿಟ್ಟಾದರು, ಆಮೇಲೆ ತಮ್ಮ ಸಂಶೋಧನೆಯ ಕಾಗದ ತೆಗೆದು ರೋಗಿಗಳನ್ನು ಕೇಳುವ ಪ್ರಶ್ನೆಗಳಲ್ಲಿ ಒಂದನ್ನು ಹೊಡೆದುಹಾಕಿದರು. ‘ನೀರು ಕುಡಿದಿರಾ’ ಎಂದಿದ್ದಲ್ಲಿ ‘ಗಂಟಲಿನಲ್ಲಿ ಏನಾದರೂ ಇಳಿಯಿತೇ’ ಎಂದು ಬರೆದರು. “ಮದರಾಸಿನ ಯಾವ ಪುಸ್ತಕದಲ್ಲೂ ಇದಿಲ್ಲಯ್ಯಾ,” ಅಂದರು. “ನಿಮ್ಮಮ್ಮನಿಗೆ ನಾನು ಸರಿಯಾದ ಪ್ರಶ್ನೆ ಕೇಳಿರಲಿಲ್ಲ.”

ಎರಡನೆಯ ಪರೀಕ್ಷೆ ಸೋಮವಾರ ಬೇಡವೆಂದು ಗುರುವಾರ ಇಟ್ಟರು. ಮತ್ತೆ ನೂರಾ ಹದಿನೆಂಟರಿಂದ ಶುರು. ಎಂಟಕ್ಕೆ ನೂರಾ ಹದಿನೇಳು. ಹತ್ತಕ್ಕೆ ನೂರಾ ಹದಿನೈದು. ತುಟಿ ಸೀಳಿತು. ಅಪ್ಪ ಒಂದೊಂದು ತೂಕವನ್ನೂ ಹಿಂದಿನದಕ್ಕಿಂತ ಸಣ್ಣ ದನಿಯಲ್ಲಿ ಹೇಳಿದರು. ಈರಮ್ಮ ಅವತ್ತು ಜಾಡಿ ಕೊಡಲು ಬಂದಿದ್ದಳು. ತನ್ನ ದೊಡ್ಡ ಅಂಗೈಯನ್ನು ನನ್ನ ಹಣೆಯ ಮೇಲೆ ಇಟ್ಟು ಕೂತಳು. ಆ ಕೈ ಅಗಲವಾಗಿತ್ತು, ತಣ್ಣಗಿತ್ತು. ಇಡೀ ಹಣೆ, ಎರಡು ಕಣ್ಣು ಅದರಡಿ ಹಿಡಿಸಿದವು.

ಅವ್ವ ಬಾಗಿಲಲ್ಲಿ ಕೂತಿದ್ದಳು, ಕೈಯಲ್ಲಿ ಏನೂ ಇಲ್ಲದೆ. ಹನ್ನೆರಡರ ಹೊತ್ತಿಗೆ ನಾನು ಅವಳನ್ನು ಕರೆದೆ. ಕರೆದೆ ಎಂದುಕೊಂಡೆ, ದನಿ ಹೊರಡಲಿಲ್ಲ. ಅಂಗೈ ಬೊಗಸೆ ಮಾಡಿ ತೋರಿಸಿದೆ.

“ಇವತ್ತು ಅಯ್ಯನೋರು ಬಂದಿಲ್ಲಪ್ಪ,” ಅಂದಳು. ಎದ್ದು ಜಗಲಿಗೆ ಹೋಗಿ ನನಗೆ ಬೆನ್ನು ಮಾಡಿ ಕೂತಳು.

ಒಂದಕ್ಕೆ ಕಾಟಾದ ಮೇಲೆ ನನ್ನನ್ನು ಇಬ್ಬರು ಹಿಡಿದು ನಿಲ್ಲಿಸಬೇಕಾಯಿತು. ನೂರಾ ಹನ್ನೆರಡು. ಡಾಕ್ಟರು “ಸಾಕು” ಅಂದರು. ಅಷ್ಟು ಒಣಗಿದ ಮೈಯಿಂದ ಬಂದ ಮೂತ್ರವೂ ಬಾವಿಯ ನೀರಿನಷ್ಟೇ ತಿಳಿಯಾಗಿತ್ತಂತೆ. ನನಗೆ ಕೊಡದಿಂದಲೇ ಕುಡಿಯಲು ಬಿಟ್ಟರು. ನನ್ನ ಮಾತು ನಿಂತಮೇಲೆ ನನ್ನ ಪಕ್ಷ ಗೆದ್ದಿತ್ತು. ಎರಡು ವರ್ಷ ಕಾದಿದ್ದ ಗೆಲುವು. ಬಾಯಿ ತೊಯ್ದ ಕೂಡಲೇ, “ನೋಡವ್ವ, ನಾ ಹೇಳಿದ್ದು ಖರೆ ಆತು,” ಅಂದೆ. ಅವ್ವ ಸೆರಗು ಬಾಯಿಗೆ ಒತ್ತಿ ಹಿಡಿದಿದ್ದಳು. ಗೆದ್ದದ್ದು ಏನನ್ನು ಎಂದು ನನಗೆ ಆಗ ತಿಳಿಯಿತು.

“ಎಂದ ಹೋಗತೈತ್ರಿ ಇದು?” ಎಂದು ಅವಳು ಡಾಕ್ಟರನ್ನು ಕೇಳಿದಳು.

“ಹೋಗಲ್ಲಮ್ಮಾ. ಪುಡಿ ಇರೋವರೆಗೂ ತಡೀಬಹುದು.”

“ಯಾತರ ಪುಡಿ?”

ಡಾಕ್ಟರು ನನ್ನತ್ತ ನೋಡಿದರು. ನನಗೆ ಮೊದಲೇ ಹೇಳಿದ್ದರು. ಗಿಡಮೂಲಿಕೆ ಅಂದಿದ್ದರೆ ನಡೆಯುತ್ತಿತ್ತು. ಆದರೆ ಆ ಕೋಣೆಯಲ್ಲಿ ಹತ್ತು ದಿನದ ಹಿಂದಷ್ಟೇ ಹೆಸರು ಬದಲಾಯಿಸಿ ಕುಡಿದ ನೀರು ಎಲ್ಲರನ್ನೂ ಕೆಡಿಸಿತ್ತು. “ಎತ್ತಿನ ತಲೆಯ ಗ್ರಂಥಿ ಒಣಗಿಸಿ ಮಾಡಿದ್ದು,” ಅಂದರು.

“ಸತ್ತ ಎತ್ತೋ, ಕಡಿದದ್ದೋ?”

“ಕಡಿದದ್ದೇ ಅಮ್ಮಾ.”

ಅಪ್ಪ ಎದ್ದು ಹೊರಗೆ ಹೋದರು. ನಮ್ಮದು ಮೊಟ್ಟೆಯ ನೆರಳೂ ಬೀಳದ ಮನೆ. ಎತ್ತೆಂದರೆ ಕೈ ಮುಗಿಯುವವರು. ನಾನು ವಾದ ಸಿದ್ಧಮಾಡಿಕೊಂಡಿದ್ದೆ. ಕಾಲಲ್ಲಿರುವ ಮೆಟ್ಟು ಯಾವ ಚರ್ಮದ್ದು, ಭಜನೆಯ ಮದ್ದಳೆಗೆ ಬಿಗಿದದ್ದು ಏನು, ಒಂದೊಂದಾಗಿ ಕೇಳುವವನಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅವ್ವ ಕೈ ಎತ್ತಿದಳು.

“ನೀ ಸುಮ್ಮನಿರು. ನೀ ವಾದ ಮಾಡಿದ್ರ ನನಗ ಬ್ಯಾಡ ಅನ್ನಬೇಕು ಅನಿಸತೈತಿ.”

ನಂತರ ಡಾಕ್ಟರಿಗಲ್ಲ, ನನಗೇ ಹೇಳಿದಳು: “ಏರಿಸ್ಕೊ. ಆದ್ರ ದಿನಾ ಲಿಂಗಪೂಜಿ ಆದಮ್ಯಾಗ. ಪೆಟ್ಟಿಗ್ಯಾಗ ಇಟ್ಟೀಯಲ್ಲ ಕೊರಳಿಂದು, ಅದನ್ನ ತೆಗಿ. ಮೊದಲು ಪೂಜಿ, ಆಮ್ಯಾಗ ಪುಡಿ. ಪೂಜಿ ಇಲ್ಲ, ಪುಡಿ ಇಲ್ಲ.”

ಮೂರು ವರ್ಷದ ಹಿಂದೆ ಹಾಸ್ಟೆಲಿನಲ್ಲಿ ಲಿಂಗ ತೆಗೆದಿಟ್ಟದ್ದು ಅವಳಿಗೆ ಗೊತ್ತಿದೆಯೆಂದು ನನಗೆ ಗೊತ್ತಿರಲಿಲ್ಲ.

“ಇದು ಒತ್ತಾಯ ಅಲ್ಲೇನವ್ವಾ?”

“ಹೌದು,” ಅಂದಳು.

ಆರೋಪವನ್ನು ಅಲ್ಲೇ ಒಪ್ಪಿಕೊಂಡವರ ಎದುರು ಮುಂದೇನು ಮಾತಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಆ ಷರತ್ತಿನಂತೆಯೇ ಈಗಲೂ ನಡೆದಿದೆ. ನನ್ನ ನಂಬಿಕೆಗಳು ಬದಲಾಗಿಲ್ಲ; ಪೂಜೆ ಮಾಡುತ್ತೇನೆ. ಚಿಟಿಕೆ ಪುಡಿ ಮೂಗಿಗೆ ಏರಿಸಿದರೆ ಹತ್ತು ಸೀನು ಬರುತ್ತದೆ, ಕಣ್ಣು ಉರಿಯುತ್ತದೆ, ಮೂಗಿನೊಳಗೆ ಹುಣ್ಣಾಗುವುದೂ ಉಂಟು. ಐದಾರು ತಾಸಿಗೆ ಅದರ ಬಲ ಮುಗಿಯುತ್ತದೆ. ಮದರಾಸಿನಿಂದ ಶೀಸೆ ಬರುವುದು ತಡವಾದ ವಾರ ಮತ್ತೆ ಕೊಡ. ಬಿ.ಎ. ಪರೀಕ್ಷೆ ಬರೆದೆ, ಮೂರು ಗಂಟೆ ಕೂತೆ. ಈರಮ್ಮನ ಕೈಗಳು ಇನ್ನೂ ಬೆಳೆಯುತ್ತಿವೆ. ಡಾಕ್ಟರು ನಮ್ಮಿಬ್ಬರ ಜಾಡಿಗಳನ್ನೂ ತಿಂಗಳಿಗೊಮ್ಮೆ ರೈಲಿಗೆ ಹಾಕುತ್ತಾರೆ.

ಆದರೆ ಪುಡಿ ಏರಿಸಿದ ಆ ಮೊದಲ ದಿನ. ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತಿದ್ದೆ. ಹನ್ನೊಂದಾಯಿತು, ಹನ್ನೆರಡಾಯಿತು, ನಾನು ಎದ್ದಿರಲಿಲ್ಲ, ಎದ್ದಿಲ್ಲವೆಂದು ನನಗೇ ಗಮನವಿರಲಿಲ್ಲ. ಎಂದಿನ ಹೊತ್ತಿಗೆ ಅವ್ವ ಮನೆಯಿಂದ ಚೊಂಬು ತಂದು ನನ್ನ ಮುಂದೆ ಹಿಡಿದಳು.

“ಬ್ಯಾಡವ್ವ,” ಅಂದೆ.

ಅವಳು ಅರ್ಥವಾಗದವಳಂತೆ ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತಳು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು, ಆ ಚೊಂಬು ನೀರನ್ನು ತಾನೇ ಕುಡಿದಳು.